ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲವಾ? ಹೊಸ ಪಾರ್ಟ್ ತರುವ ಮುಂಚೆ ಲಿವರ್ ಏನು ಹೇಳುತ್ತಿದೆ ಕೇಳಿ

ನನ್ನ ಬೈಕಿನ ಡಿಸ್ಕ್ ಬ್ರೇಕಿಗೆ ನಾನು ಮೊದಲು ತಂದಿದ್ದು ಸ್ಟೀಲ್ ಬ್ರೇಡೆಡ್ ಹೋಸ್, ಅಂದರೆ ಮೇಲೆ ಸ್ಟೀಲ್ ತಂತಿ ಹೆಣೆದ ಬ್ರೇಕ್ ಆಯಿಲ್ ಪೈಪ್. ಮುಂದಿನ ಬ್ರೇಕ್ ಎಷ್ಟು ಅದುಮಿದರೂ ಗಾಡಿ ಮನಸ್ಸಿಲ್ಲದ ಮನಸ್ಸಿನಿಂದ ನಿಲ್ಲುತ್ತಿತ್ತು. ರಬ್ಬರ್ ಪೈಪ್ ಒತ್ತಡಕ್ಕೆ ಉಬ್ಬುತ್ತದೆ, ಸ್ಟೀಲ್ ಹಾಕು ಎಂದು ಯಾರೋ ಹೇಳಿದರು. ಹಾಕಿದೆ. ಲಿವರ್ ಸ್ವಲ್ಪ ಗಟ್ಟಿಯಾಯಿತು, ನೋಡೋಕೂ ಚೆನ್ನಾಗಿತ್ತು. ಗಾಡಿ ಮಾತ್ರ ಮೊದಲಿನ ಹಾಗೇ ನಿಲ್ಲುತ್ತಿತ್ತು.

ಎರಡು ವಾರ ಬಿಟ್ಟು, ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರ್ ಬಿಚ್ಚಿದೆ. ಎರಡು ಪ್ಯಾಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡೆ. ತಳ್ಳುವ ಪಿಸ್ಟನ್ ಕಡೆಯ ಪ್ಯಾಡಿನಲ್ಲಿ ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) ಉಳಿದಿದ್ದು ಒಂದು ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. ಆಚೆ ಕಡೆಯದು ಪೂರ್ತಿ 4 ಮಿ.ಮೀ. ಇತ್ತು, ನಿನ್ನೆ ಹಾಕಿದ ಹಾಗೆ. ಕ್ಯಾಲಿಪರ್ ಅತ್ತಿತ್ತ ಜಾರುವ ಸ್ಲೈಡ್ ಪಿನ್ನಿನ ಗ್ರೀಸ್ ಒಣಗಿ ಕಂದು ಬಣ್ಣದ ಅಂಟಾಗಿತ್ತು. ಪಿನ್ನನ್ನು ಎಳೆದರೆ ಬರಲಿಲ್ಲ, ತಿರುವಿ ತಿರುವಿ ತೆಗೆಯಬೇಕಾಯಿತು. ಕ್ಯಾಲಿಪರ್ ಜಾರಬೇಕಾದ ಕಡೆ ಜಾರದೆ ಜಾಮ್ ಆಗಿತ್ತು. ನಾನು ಅದುಮಿದ ಶಕ್ತಿಯೆಲ್ಲ ಡಿಸ್ಕನ್ನು ಒಂದೇ ಕಡೆಯಿಂದ ತಳ್ಳುವುದಕ್ಕೆ ಖರ್ಚಾಗುತ್ತಿತ್ತು. ಪಿನ್ ಒರೆಸಿ, ಹೊಸ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿದ ದಿನ ಬ್ರೇಕ್ ವಾಪಸ್ ಬಂತು. ಆ ಕೆಲಸಕ್ಕೆ ಹೋಸ್ ಬೇಕೇ ಇರಲಿಲ್ಲ.

ಅದಕ್ಕೇ ಇಲ್ಲಿ ಪಾರ್ಟ್‌ಗಳ ಮಾತು ಕೊನೆಗೆ ಬರುತ್ತದೆ. ಮೊದಲು ದೋಷ ಎಲ್ಲಿದೆ ಅಂತ ಹುಡುಕೋಣ.

ಗಾಡಿ ನಿಲ್ಲಿಸಿಕೊಂಡೇ ಮಾಡುವ ಪರೀಕ್ಷೆ

ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಲಿವರನ್ನು ನಿಧಾನವಾಗಿ ಎಳೆಯಿರಿ. ಎಷ್ಟು ದೂರ ಬಂದ ಮೇಲೆ ಗಟ್ಟಿಯಾಗುತ್ತದೆ? ಗಟ್ಟಿಯಾದ ಮೇಲೆ ಇನ್ನೂ ಜೋರಾಗಿ ಅದುಮಿದರೆ ಅಲ್ಲೇ ನಿಲ್ಲುತ್ತದೋ, ಸ್ಪಂಜಿನ ಹಾಗೆ ಒಳಗೆ ಹೋಗುತ್ತಲೇ ಇರುತ್ತದೋ? ಈಗ ಹಾಗೇ ಅದುಮಿ ಹಿಡಿದು ಮೂವತ್ತು ಎಣಿಸಿ. ಲಿವರ್ ಮೆಲ್ಲಗೆ ಹ್ಯಾಂಡಲ್ ಕಡೆ ಇಳಿಯುತ್ತಿದೆಯಾ? ಕೊನೆಗೆ ನಾಲ್ಕೈದು ಸಲ ಬೇಗ ಬೇಗ ಪಂಪ್ ಮಾಡಿ. ಪಂಪ್ ಮಾಡಿದ ಮೇಲೆ ಲಿವರ್ ಮೇಲೆದ್ದು ಗಟ್ಟಿಯಾದರೆ ಒಳಗೆ ಗಾಳಿ ಇರುವ ಅನುಮಾನ ಬಲವಾಗುತ್ತದೆ.

ಮುಂದಿನ ಚಕ್ರ ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿ. ಪ್ಯಾಡ್ ಸಣ್ಣಗೆ ಸವರುವ ಸದ್ದು ಬಂದರೆ ಪರವಾಗಿಲ್ಲ. ಅರ್ಧ ಸುತ್ತಿಗೇ ನಿಂತುಬಿಟ್ಟರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ.

ಇಷ್ಟಕ್ಕೆ ಐದು ನಿಮಿಷ ಸಾಕು. ಮುಂದಿನ ಕೆಲಸ ಯಾವುದು ಅನ್ನುವುದು ಮುಕ್ಕಾಲು ಪಾಲು ಇಲ್ಲೇ ಗೊತ್ತಾಗುತ್ತದೆ.

ಲಿವರ್ ಮೆತ್ತಗಿದೆ, ಹ್ಯಾಂಡಲ್ ತನಕ ಬರುತ್ತದೆ

ಇದು ಆಯಿಲ್ ಕಡೆಯ ಕಂಪ್ಲೇಂಟ್. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಒಂದು ಸಣ್ಣ ಗುಳ್ಳೆ ಇದ್ದರೂ ನಿಮ್ಮ ಬೆರಳಿನ ಅರ್ಧ ಎಳೆತ ಆ ಗುಳ್ಳೆ ಹಿಂಡುವುದಕ್ಕೇ ಹೋಗುತ್ತದೆ.

ಆ ಗಾಳಿಯನ್ನು ಆಯಿಲ್ ಜೊತೆ ಹೊರಗೆ ಬಿಡುವುದಕ್ಕೆ ಬ್ಲೀಡ್ ಮಾಡುವುದು ಅನ್ನುತ್ತಾರೆ. ಎಲ್ಲರೂ ಕೆಳಗೆ ಅದಕ್ಕೆಂದೇ ಇರುವ ಕ್ಯಾಲಿಪರ್ ನಿಪ್ಪಲ್‌ನಿಂದ ಬ್ಲೀಡ್ ಮಾಡುತ್ತಾರೆ. ಗಾಳಿ ಮೇಲಕ್ಕೆ ಹೋಗುವ ವಸ್ತು ಅಲ್ವಾ? ಅದು ಲಿವರ್ ಪಕ್ಕದಲ್ಲಿ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿಗೆ ಪೈಪ್ ಜೋಡಿಸುವ ಬ್ಯಾಂಜೊ ಬೋಲ್ಟ್ ಹತ್ತಿರ, ಪೈಪ್ ಬಾಗುವ ಜಾಗದಲ್ಲಿ ಹೋಗಿ ಕೂತಿರುತ್ತದೆ. ಕೆಳಗಿನಿಂದ ಎಷ್ಟು ಬಾಟಲಿ ಆಯಿಲ್ ಇಳಿಸಿದರೂ ಅದು ಕದಲುವುದಿಲ್ಲ. ಅದಕ್ಕೆ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರ್ ಆ ಪೈಪಿಗಿಂತ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ. ಪೈಪಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಲಿವರನ್ನು ಬರೀ ಅರ್ಧ ಇಂಚಿನಷ್ಟು ಸಣ್ಣ ಸಣ್ಣ ಎಳೆತ ಎಳೆಯಿರಿ. ಮೇಲಿನ ಆಯಿಲ್ ಡಬ್ಬಿಯಲ್ಲಿ, ಅಂದರೆ ರಿಸರ್ವಾಯರಿನಲ್ಲಿ, ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದು ಬರುವುದು ಕಾಣುತ್ತದೆ. ಆಮೇಲೂ ಮೆತ್ತಗಿದ್ದರೆ ರಾತ್ರಿ ಲಿವರನ್ನು ಹ್ಯಾಂಡಲ್‌ಗೆ ಬಿಗಿಯಾಗಿ ಕಟ್ಟಿಟ್ಟು ಬೆಳಿಗ್ಗೆ ಬಿಚ್ಚಿ. ಮಾಂತ್ರಿಕ ವಿದ್ಯೆ ಅನಿಸಬಹುದು, ಆದರೆ ಎಷ್ಟೋ ಸಲ ಕೆಲಸ ಮಾಡಿದೆ.

ಬ್ಲೀಡ್ ಮಾಡುವಾಗ ಹಳೆಯ ಆಯಿಲ್ ಬಣ್ಣ ನೋಡಿ. ಹೊಸದು ತಿಳಿ ಹಳದಿ ಇರುತ್ತದೆ. ಟೀ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ. ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಎಲ್ಲ ಗ್ಲೈಕಾಲ್ ಆಯಿಲ್‌ಗಳು. ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತವೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ನೀರು 3.7 ಶೇಕಡಾ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಬಂದರೆ ಹಳೇ ಆಯಿಲ್ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ, ಲಿವರ್ ಒಮ್ಮೆಲೇ ಹ್ಯಾಂಡಲ್‌ಗೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಮ್ಯಾನ್ಯುವಲ್ ಹೇಳುವುದು ಇದಕ್ಕೇ. ಹೆಸರು ನೋಡಿ ಮೋಸ ಹೋಗಬೇಡಿ: ಬರೀ ಡಾಟ್ 5 ಅಂತ ಬರೆದಿದ್ದರೆ ಅದು ಸಿಲಿಕೋನ್. ಬೇರೆ ಯಾವುದರ ಜೊತೆಗೂ ಬೆರೆಸುವ ಹಾಗಿಲ್ಲ. ಮತ್ತೆ ಗ್ಲೈಕಾಲ್ ಆಯಿಲ್ ಪೇಂಟ್ ತಿನ್ನುತ್ತದೆ. ಟ್ಯಾಂಕ್ ಮೇಲೆ ಬಟ್ಟೆ ಹೊದಿಸಿ, ಒಂದು ಹನಿ ಬಿದ್ದರೂ ತಕ್ಷಣ ನೀರು ಹಾಕಿ ತೊಳೆಯಿರಿ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಾದರೆ ಅದರಲ್ಲಿ ಒತ್ತಡ ನಿಯಂತ್ರಿಸುವ ಮಾಡ್ಯುಲೇಟರ್ ಒಳಗೆ ಗಾಳಿ ಹೋಗದ ಹಾಗೆ ನೋಡಿಕೊಳ್ಳಿ. ಅಂದರೆ ಕೆಲಸದ ನಡುವೆ ರಿಸರ್ವಾಯರ್ ಖಾಲಿ ಆಗಲೇಬಾರದು. ಒಂದು ಸಲ ಗಾಳಿ ಒಳಗೆ ಹೋದರೆ ಕೆಲವು ಗಾಡಿಗಳಲ್ಲಿ ಸ್ಕ್ಯಾನ್ ಟೂಲ್ ಹಾಕಿ ಪಂಪ್ ಓಡಿಸದೆ ಅದು ಹೊರಗೆ ಬರುವುದಿಲ್ಲ.

ಗಾಳಿ ಇಲ್ಲ, ಲೀಕ್ ಇಲ್ಲ, ಆದರೂ ಅದುಮಿ ಹಿಡಿದಾಗ ಲಿವರ್ ಮೆಲ್ಲಗೆ ಇಳಿಯುತ್ತಿದೆಯಾ? ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ರಿಪೇರಿ ಕಿಟ್ ಸಿಗುತ್ತದೆ. ಸಿಲಿಂಡರ್ ಒಳಗೋಡೆಯಲ್ಲಿ ಗೀರು ಬಿದ್ದಿದ್ದರೆ ಮಾತ್ರ ಕಿಟ್ ಹಾಕಿ ಪ್ರಯೋಜನವಿಲ್ಲ.

ಲಿವರ್ ಗಟ್ಟಿ ಇದೆ, ಗಾಡಿ ಮಾತ್ರ ನಿಲ್ಲುವುದಿಲ್ಲ

ನನ್ನದು ಇದೇ ಆಗಿತ್ತು, ನಾನು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಲಿವರ್ ಗಟ್ಟಿ ಇದ್ದರೆ ಆಯಿಲ್ ಒತ್ತಡ ಕ್ಯಾಲಿಪರ್ ತನಕ ತಲುಪುತ್ತಿದೆ. ತೊಂದರೆ ಅಲ್ಲಿಂದ ಆಚೆ: ಪ್ಯಾಡ್, ಡಿಸ್ಕ್, ಪಿನ್, ಪಿಸ್ಟನ್.

ಪ್ಯಾಡ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಮೇಲ್ಮೈ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಗ್ಲೇಜ್ ಆಗಿದೆ. ಸಮತಟ್ಟಾದ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಪ್ಯಾಡನ್ನು ನಾಲ್ಕೈದು ಸಲ ಉಜ್ಜಿದರೆ ಆ ಪದರ ಹೋಗುತ್ತದೆ. ಉಜ್ಜುವಾಗ ಪೇಪರ್ ಒದ್ದೆ ಮಾಡಿಕೊಳ್ಳಿ. ಆ ಪುಡಿ ಉಸಿರಿಗೆ ಹೋಗಬಾರದು, ಬಾಯಲ್ಲಿ ಊದಲೂಬೇಡಿ. ಪ್ಯಾಡ್ ಕಪ್ಪಗೆ, ಜಿಡ್ಡಾಗಿ ಇದ್ದರೆ ಫೋರ್ಕ್ ಸೀಲ್ ಸೋರುತ್ತಿದೆಯಾ ನೋಡಿ. ಹಿಂದಿನದಾದರೆ ಚೈನಿಗೆ ಹೊಡೆದ ಸ್ಪ್ರೇ ಡಿಸ್ಕಿಗೂ ತಾಗಿರುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಸುಟ್ಟು, ತೊಳೆದು ಉಳಿಸಿಕೊಳ್ಳುವ ಉಪಾಯಗಳನ್ನು ಬೇಕಾದಷ್ಟು ಜನ ಹೇಳುತ್ತಾರೆ. ನಾನು ಎಸೆಯುತ್ತೇನೆ.

ಎರಡು ಪ್ಯಾಡ್ ಬೇರೆ ಬೇರೆ ದಪ್ಪ ಸವೆದಿದ್ದರೆ ಪಿನ್ ಅಥವಾ ಪಿಸ್ಟನ್ ಜಾಮ್. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೂ ಅದೇ ಕಥೆ.

ಕ್ಯಾಲಿಪರ್ ಸರ್ವಿಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಗಾಡಿಗಳಿಗೆ ಸಿಗಬಹುದಾದ ಅತಿ ಅಗ್ಗದ ಅಪ್‌ಗ್ರೇಡ್ ಇದೇ. ಪ್ಯಾಡ್ ತೆಗೆದ ಮೇಲೆ ಲಿವರನ್ನು ಹುಷಾರಾಗಿ ಎಳೆದು ಪಿಸ್ಟನ್ ಐದಾರು ಮಿಲಿಮೀಟರ್ ಹೊರಗೆ ಬರುವಂತೆ ಮಾಡಿ. ಪೂರ್ತಿ ಜಿಗಿದು ಹೊರಬಾರದಂತೆ ಎದುರಿಗೆ ಮರದ ತುಂಡು ಇಟ್ಟಿರಿ. ಹೊರಬಂದ ಭಾಗದ ಮೇಲೆ ಪ್ಯಾಡಿನ ಪುಡಿ, ಕೊಳೆ ಸೇರಿ ಕಪ್ಪು ಉಂಗುರ ಕಟ್ಟಿರುತ್ತದೆ. ಸುಮ್ನೆ ಪಿಸ್ಟನ್ ಹಿಂದೆ ತಳ್ಳಿ ಹೊಸ ಪ್ಯಾಡ್ ಹಾಕುವವರು ಈ ಕೊಳೆಯನ್ನೂ ಸೀಲಿನ ಮೇಲೆ ಹತ್ತಿಸಿ ತಳ್ಳುತ್ತಾರೆ. ಹಳೇ ಟೂತ್‌ಬ್ರಷ್, ಸೋಪು ನೀರು ಅಥವಾ ಬ್ರೇಕ್ ಕ್ಲೀನರ್ ಸಾಕು. ಪೆಟ್ರೋಲ್, ಡೀಸೆಲ್, ಮಾಮೂಲಿ ಗ್ರೀಸ್ ಬೇಡವೇ ಬೇಡ. ಬ್ರೇಕಿನ ರಬ್ಬರ್ ಸೀಲ್‌ಗೆ ಅವು ತಾಗಿದರೆ ಊದಿಕೊಳ್ಳುತ್ತದೆ. ಪಿಸ್ಟನ್ ಸುತ್ತ ಪೂರ್ತಿ ಒರೆಸಿದ ಮೇಲೆ ಬೆರಳಲ್ಲಿ ಒತ್ತಿದರೆ ಒಳಗೆ ಹೋಗಬೇಕು. ತಳ್ಳುವಾಗ ಮೇಲೆ ರಿಸರ್ವಾಯರ್ ತುಂಬಿ ಹರಿಯುತ್ತದಾ ಅಂತ ಒಂದು ಕಣ್ಣಿಟ್ಟಿರಿ.

ಲಿವರ್ ಬಿಟ್ಟಾಗ ಪಿಸ್ಟನ್ ಹಿಂದೆ ಸರಿಯುವುದು ಯಾವ ಸ್ಪ್ರಿಂಗಿನಿಂದಲೂ ಅಲ್ಲ, ಗೊತ್ತಾ? ಚೌಕ ಅಂಚಿನ ಆ ಸೀಲ್ ಬ್ರೇಕ್ ಹಿಡಿದಾಗ ಒಂಚೂರು ತಿರುಚಿಕೊಳ್ಳುತ್ತದೆ. ಬಿಟ್ಟಾಗ ಸೆಟೆದು ನೇರವಾಗುತ್ತಾ ಪಿಸ್ಟನ್ನನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಪಿಸ್ಟನ್ ಮೇಲೆ ಕೊಳೆ ಇದ್ದರೆ ಈ ಆಟ ನಿಂತುಹೋಗುತ್ತದೆ.

ಸ್ಲೈಡ್ ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸ್ ತೆಳ್ಳಗೆ ಹಚ್ಚಿ. ಜಾಸ್ತಿ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ಮತ್ತೆ ಬಿಗಿಯಾಗುತ್ತದೆ. ರಬ್ಬರ್ ಬೂಟ್ ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕೆಲಸ ಮತ್ತೆ ಮಾಡಬೇಕು.

ಲಿವರ್ ಮಿಡಿಯುತ್ತದೆ

ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಡುಗುಡುಗು ಅಂತ ಒದ್ದರೆ ಎಲ್ಲರೂ ಡಿಸ್ಕ್ ಸೊಟ್ಟಗಾಗಿದೆ ಅನ್ನುತ್ತಾರೆ. ಸೊಟ್ಟ ಆಗಿರಬಹುದು. ಆದರೆ ಪ್ಯಾಡಿನ ಪುಡಿ ಡಿಸ್ಕಿನ ಮೇಲೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಅಂಟಿಕೊಂಡರೂ ಹೀಗೇ ಆಗುತ್ತದೆ. ಕಾದ ಬ್ರೇಕ್ ಹಿಡಿದುಕೊಂಡೇ ಸಿಗ್ನಲ್‌ನಲ್ಲಿ ನಿಂತರೆ ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಮೂಡುತ್ತದೆ. ಮೊದಲು ಡಿಸ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ ನೋಡಿ. ಆಮೇಲೂ ಮಿಡಿದರೆ ಡಯಲ್ ಗೇಜ್ ಇಟ್ಟು ಅಳೆಯಿಸಿ, ಮ್ಯಾನ್ಯುವಲ್‌ನಲ್ಲಿರುವ ಮಿತಿಗೆ ಹೋಲಿಸಿ. ಡಿಸ್ಕ್ ದಪ್ಪದ ಕನಿಷ್ಠ ಮಿತಿ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಹೊಸ ಡಿಸ್ಕ್, ಬೇರೆ ದಾರಿ ಇಲ್ಲ. ಅಳೆಯುವಾಗ ಅಂಚಿನಲ್ಲಿ ಉಳಿದ ಏಣಿನ ಮೇಲೆ ಅಳೆಯಬೇಡಿ, ಪ್ಯಾಡ್ ಓಡುವ ಜಾಗದಲ್ಲಿ ಅಳೆಯಿರಿ.

ಇನ್ನೊಂದು: ಎಬಿಎಸ್ ಕೆಲಸ ಮಾಡುವಾಗಲೂ ಲಿವರ್ ಮಿಡಿಯುತ್ತದೆ. ಅದು ದೋಷವಲ್ಲ.

ಬ್ರೇಕ್ ಬಿಡುತ್ತಿಲ್ಲ

ತಣ್ಣಗಿದ್ದಾಗ ಸರಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಚಕ್ರ ತಾನೇ ಹಿಡಿದುಕೊಳ್ಳುತ್ತದೆ ಅಂದರೆ ಮೂರು ಜಾಗ ನೋಡಬೇಕು. ಕ್ಯಾಲಿಪರ್ ಪಿಸ್ಟನ್ ಒಂದು. ಎರಡನೆಯದು ಮಾಸ್ಟರ್ ಸಿಲಿಂಡರ್ ತಳದಲ್ಲಿರುವ ಸೂಜಿ ತೂತು. ಲಿವರ್ ಬಿಟ್ಟಾಗ ಆಯಿಲ್ ರಿಸರ್ವಾಯರ್‌ಗೆ ವಾಪಸ್ ಹೋಗುವುದು ಅಲ್ಲಿಂದ. ಕೆಸರು ಕಟ್ಟಿಕೊಂಡರೆ ಒತ್ತಡ ಒಳಗೇ ಉಳಿಯುತ್ತದೆ. ಬೇರೆ ಅಳತೆಯ ಲಿವರ್ ಹಾಕಿ ಅದು ಪಿಸ್ಟನ್ನನ್ನು ಒಂಚೂರು ಒತ್ತಿಯೇ ಇಟ್ಟರೂ ಈ ತೂತು ಮುಚ್ಚಿಕೊಳ್ಳುತ್ತದೆ. ಅಂದಕ್ಕೆಂದು ಅಗ್ಗದ ಲಿವರ್ ಹಾಕಿದವರು ಮೊದಲು ಇದನ್ನೇ ನೋಡಿ. ಮೂರನೆಯದು ಒಳಗೆ ಪದರ ಎದ್ದ ಹಳೇ ರಬ್ಬರ್ ಹೋಸ್. ಆಯಿಲ್ ಹೋಗಲು ಬಿಡುತ್ತದೆ, ಬರಲು ಬಿಡುವುದಿಲ್ಲ.

ಹೇಗೆ ಪತ್ತೆ ಮಾಡುವುದು? ಹಿಡಿದುಕೊಂಡಿರುವಾಗಲೇ ಮೇಲಿನ ಬ್ಯಾಂಜೊ ಬೋಲ್ಟನ್ನು ಬಟ್ಟೆ ಸುತ್ತಿ ಕಾಲು ಸುತ್ತು ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಕ್ಯಾಲಿಪರ್ ನಿಪ್ಪಲ್ ತೆರೆಯಿರಿ. ಈಗ ಬಿಟ್ಟರೆ ಹೋಸ್, ಆಗಲೂ ಬಿಡದಿದ್ದರೆ ಕ್ಯಾಲಿಪರ್. ಸಡಿಲಿಸಿದ ಮೇಲೆ ಬ್ಲೀಡ್ ಮಾಡದೆ ಓಡಿಸುವ ಹಾಗಿಲ್ಲ ಅಂತ ಬೇರೆ ಹೇಳಬೇಕಿಲ್ಲ ತಾನೇ.

ಡ್ರಮ್ ಬ್ರೇಕಿನವರಿಗೆ ಎರಡೇ ಮಾತು. ಪ್ಯಾಡಿನ ಬದಲು ಇರುವ ಶೂ ಗ್ಲೇಜ್ ಆಗಿದೆಯಾ ನೋಡಿ, ಅದನ್ನು ಅಗಲಿಸುವ ಕ್ಯಾಮ್‌ಗೆ ಗ್ರೀಸ್ ಇದೆಯಾ ನೋಡಿ. ಬ್ರೇಕ್ ಹಿಡಿದಾಗ ರಾಡ್ ಮತ್ತು ಆರ್ಮ್ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಕೋನ ಇರಬೇಕು. ಅದಕ್ಕಿಂತ ತುಂಬ ಆಚೆ ಹೋಗಿದ್ದರೆ ಶೂ ಸವೆದಿದೆ.

ಈಗ ದುಡ್ಡು ಹಾಕುವ ಮಾತು

ಮೇಲಿನದ್ದೆಲ್ಲ ಸರಿ ಮಾಡಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಒಣ ರಸ್ತೆಯಲ್ಲಿ ಎರಡು ಬೆರಳಿನ ಎಳೆತಕ್ಕೇ ಎಬಿಎಸ್ ಕೆಲಸ ಶುರುಮಾಡುತ್ತದಾ? ಹಾಗಾದರೆ ಬ್ರೇಕಿಗೆ ಶಕ್ತಿ ಕಮ್ಮಿ ಇಲ್ಲ, ಟೈರಿಗೆ ಹಿಡಿತ ಕಮ್ಮಿ. ಗಂಟೆಗೆ 60 ಕಿ.ಮೀ. ವೇಗದಿಂದ ಗುರುತ್ವದ ಅರ್ಧದಷ್ಟು ಜೋರಾಗಿ ಬ್ರೇಕ್ ಹಿಡಿದರೆ ನಿಲ್ಲಲು ಸುಮಾರು 28 ಮೀಟರ್ ಬೇಕು. 0.7 ಪಟ್ಟು ಹಿಡಿದರೆ ಸುಮಾರು 20 ಮೀಟರ್. ಆ 8 ಮೀಟರ್ ಉಳಿಸುವುದು ಗಟ್ಟಿಯಾದ ಹಳೇ ಟೈರಿನಿಂದ ಆಗುವ ಮಾತಲ್ಲ, ಕ್ಯಾಲಿಪರಿಗೆ ಎಷ್ಟು ಪಿಸ್ಟನ್ ಇದ್ದರೂ ಅಷ್ಟೇ. ಆ ದುಡ್ಡನ್ನು ಟೈರಿಗೆ ಹಾಕಿ.

ಬೆರಳು ಜಾಸ್ತಿ ನೋಯುತ್ತದೆ, ಅಷ್ಟು ಅದುಮಿದರೂ ಸಾಲದು ಅಂದರೆ ಮೊದಲ ಖರ್ಚು ಪ್ಯಾಡ್. ಕೆಲವು ಪ್ಯಾಡ್‌ಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಎಫ್‌ಎಫ್, ಜಿಜಿ, ಎಚ್‌ಎಚ್ ಹೀಗೆ. ಮೊದಲ ಅಕ್ಷರ ಮಾಮೂಲು ಬಿಸಿಯಲ್ಲಿ, ಎರಡನೆಯದು ಜಾಸ್ತಿ ಕಾದಾಗ ಇರುವ ಘರ್ಷಣೆ. ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ ಅದಕ್ಕೂ ಮೇಲೆ. ಎಫ್‌ಎಫ್‌ನಿಂದ ಜಿಜಿಗೆ ಹೋದರೇ ಕೈಗೆ ಗೊತ್ತಾಗುತ್ತದೆ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡುವ ಸಿಂಟರ್ಡ್ ಪ್ಯಾಡ್ ಮಳೆಯಲ್ಲೂ ಬಿಸಿಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಡಿಸ್ಕನ್ನು ಬೇಗ ಸವೆಸುತ್ತದೆ. ಸಣ್ಣ ಗಾಡಿಗಳ ಕೆಲವು ಡಿಸ್ಕ್‌ಗಳು ಲೋಹ ಕಮ್ಮಿ ಇರುವ ಮೆದು ಆರ್ಗ್ಯಾನಿಕ್ ಪ್ಯಾಡಿಗೆಂದೇ ಮಾಡಿದವು. ದಿನಾ ಆಫೀಸಿಗೆ ಹೋಗಿಬರುವ ಗಾಡಿಗೆ ನಾನು ಸೆಮಿ ಸಿಂಟರ್ಡ್ ಹಾಕುತ್ತೇನೆ. ಎಚ್‌ಎಚ್ ಹಾಕಿ ಮೊದಲ ಸ್ಪರ್ಶಕ್ಕೇ ಕಚ್ಚುವ ಬ್ರೇಕನ್ನು ಮರಳು ಬಿದ್ದ ತಿರುವಿನಲ್ಲಿ ಹಿಡಿಯುವುದು ನನಗೆ ಇಷ್ಟವಿಲ್ಲ.

ಎರಡನೆಯದು ಹೋಸ್. ನಿಮ್ಮ ರಬ್ಬರ್ ಹೋಸ್‌ಗೆ ನಾಲ್ಕೈದು ವರ್ಷ ಆಗಿದ್ದರೆ ಹೇಗೂ ಬದಲಿಸಬೇಕು, ಆಗ ಬ್ರೇಡೆಡ್ ಹಾಕಿ. ಅದು ಬ್ರೇಕಿನ ಶಕ್ತಿ ಹೆಚ್ಚಿಸುವುದಿಲ್ಲ, ಲಿವರ್ ಚುರುಕಾಗುತ್ತದೆ ಅಷ್ಟೇ. ಉದ್ದ ಅಳೆಯುವಾಗ ಹ್ಯಾಂಡಲ್ ಎರಡು ಕಡೆಗೂ ಪೂರ್ತಿ ತಿರುಗಿಸಿ, ಫೋರ್ಕ್ ಪೂರ್ತಿ ಚಾಚಿಕೊಂಡಿರುವಾಗ ಅಳೆಯಿರಿ. ತಾಮ್ರದ ವಾಷರ್ ಹೊಸದೇ ಹಾಕಿ. ಒಂದು ವಾಷರಿನಲ್ಲಿ ಉಳಿಸಿದ ದುಡ್ಡು ಆಮೇಲೆ ಪೇಂಟಿಗೆ ಹೋಗುತ್ತದೆ. ಮೇಲಿನ ಬ್ರೇಡ್ ಪ್ಲಾಸ್ಟಿಕ್ ಹೊದಿಕೆ ಇರುವುದೇ ಆಗಿರಲಿ, ಬರೀ ಸ್ಟೀಲ್ ತಾಗಿದ ಕಡೆಯೆಲ್ಲ ಗರಗಸದ ಹಾಗೆ ಕೊಯ್ಯುತ್ತದೆ.

ಮಾಸ್ಟರ್ ಸಿಲಿಂಡರ್ ವಿಷಯದಲ್ಲಿ ಜನ ಎಡವುವುದು ಹೆಚ್ಚು. ದೊಡ್ಡ ಗಾಡಿಯದು ಅಂದರೆ ಒಳ್ಳೆಯದು ಅಂತ ಪಿಸ್ಟನ್ ವ್ಯಾಸ 14 ಮಿ.ಮೀ. ಇರುವುದರ ಜಾಗಕ್ಕೆ 16 ಮಿ.ಮೀ. ತಂದು ಹಾಕುತ್ತಾರೆ. ಲಿವರ್ ಕಲ್ಲಿನ ಹಾಗೆ ಆಗುತ್ತದೆ, ಗಾಡಿ ಮಾತ್ರ ಮೊದಲಿಗಿಂತ ಕಮ್ಮಿ ನಿಲ್ಲುತ್ತದೆ! ಲೆಕ್ಕ ಸರಳ. ಅದೇ ಬೆರಳ ಬಲ ದೊಡ್ಡ ಪಿಸ್ಟನ್ ಮೇಲೆ ಹರಡಿದರೆ ಒತ್ತಡ ಇಳಿಯುತ್ತದೆ. ವ್ಯಾಸದ ವರ್ಗದ ಲೆಕ್ಕದಲ್ಲಿ 14ರಿಂದ 16ಕ್ಕೆ ಹೋದರೆ ಒತ್ತಡ ಸುಮಾರು 23 ಶೇಕಡಾ ಕಮ್ಮಿ. 14ರಿಂದ 12.7ಕ್ಕೆ ಇಳಿದರೆ ಸುಮಾರು 21 ಶೇಕಡಾ ಜಾಸ್ತಿ. ಆದರೆ ಲಿವರ್ ಅಷ್ಟೇ ಹೆಚ್ಚು ದೂರ ಚಲಿಸಬೇಕಾಗುತ್ತದೆ, ಸ್ವಲ್ಪ ಮೆತ್ತಗೆ ಅನಿಸುತ್ತದೆ. ಹಾಗಾಗಿ ಗಟ್ಟಿ ಲಿವರ್ ನೋಡಿ ಒಳ್ಳೇ ಬ್ರೇಕ್ ಅಂತ ತೀರ್ಮಾನ ಮಾಡಬೇಡಿ.

ದೊಡ್ಡ ಡಿಸ್ಕ್, ಬೇರೆ ಗಾಡಿಯ ಕ್ಯಾಲಿಪರ್ ಇವೆಲ್ಲ ನನ್ನ ಪ್ರಕಾರ ಅಗ್ಗದ ಪಟ್ಟಿಯಲ್ಲಿ ಇಲ್ಲ. 240 ಮಿ.ಮೀ. ಡಿಸ್ಕ್ ತೆಗೆದು 280 ಹಾಕಿದರೆ ಅದೇ ಹಿಡಿತಕ್ಕೆ ಸುಮಾರು 18 ಶೇಕಡಾ ಜಾಸ್ತಿ ತಿರುಚುಬಲ ಸಿಗುತ್ತದೆ, ನಿಜ. ಅದಕ್ಕೆ ಬ್ರಾಕೆಟ್ ಬೇಕು, ಆ ಬ್ರಾಕೆಟ್ ಯಾರು ಯಾವ ಲೋಹದಲ್ಲಿ ಕೊರೆದರು ಅನ್ನುವುದರ ಮೇಲೆ ನಿಮ್ಮ ಜೀವ ನಿಂತಿರುತ್ತದೆ. ಪ್ಯಾಡ್ ಬದಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಲಾಭ ಒಂದು ಗಂಟೆಯಲ್ಲಿ ಬರುತ್ತದೆ.

ಹಾಕಿದ ಮೇಲೆ

ಗಾಡಿ ಹತ್ತುವ ಮೊದಲು ಲಿವರ್ ಪಂಪ್ ಮಾಡಿ. ಪ್ಯಾಡ್ ಬದಲಿಸಿದಾಗ ಪಿಸ್ಟನ್ ಹಿಂದೆ ಹೋಗಿರುತ್ತದೆ. ಮೊದಲ ಎರಡು ಮೂರು ಎಳೆತಕ್ಕೆ ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಮನೆ ಗೇಟಿಗೆ ಗುದ್ದಿದವರಲ್ಲಿ ನಾನೂ ಒಬ್ಬ.

ಆಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಇಳಿಯುವ ತನಕ ಮಧ್ಯಮವಾಗಿ ಬ್ರೇಕ್ ಹಿಡಿದು ಬಿಡಿ. ಪೂರ್ತಿ ನಿಲ್ಲಬೇಡಿ. ಸ್ವಲ್ಪ ದೂರ ಗಾಳಿಗೆ ತಣ್ಣಗಾಗಲು ಬಿಟ್ಟು ಮತ್ತೆ ಮಾಡಿ. ಇಪ್ಪತ್ತು ಮೂವತ್ತು ಸಲ ಆದಾಗ ಡಿಸ್ಕಿನ ಮೇಲೆ ಬೂದು ಬಣ್ಣದ ಪದರ ಸಮನಾಗಿ ಕೂರುತ್ತದೆ, ಲಿವರಿಗೆ ಕಚ್ಚು ಬರುತ್ತದೆ. ಹೊಸ ಪ್ಯಾಡ್ ಹಾಕಿದ ಸಂಜೆಯೇ ಬ್ರೇಕ್ ಸುಧಾರಿಸಲಿಲ್ಲ ಅಂತ ಬೇಜಾರಾಗುವವರು ಈ ಕೆಲಸ ಬಿಟ್ಟಿರುತ್ತಾರೆ.

ಮಾರನೇ ದಿನ ಎರಡೂ ಬ್ಯಾಂಜೊ ಬೋಲ್ಟ್ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ಟೂಲ್ ಡಬ್ಬಿ ಮುಚ್ಚಿ. ಒದ್ದೆಯಾಗಿದ್ದರೆ ವಾಷರ್ ಸರಿಯಾಗಿ ಕೂತಿಲ್ಲ. ಇನ್ನೂ ಬಿಗಿ ಮಾಡಲು ಹೋಗಬೇಡಿ, ಬಿಚ್ಚಿ ಹೊಸ ವಾಷರ್ ಹಾಕಿ, ಮ್ಯಾನ್ಯುವಲ್ ಹೇಳಿದ ಟಾರ್ಕಿಗೆ ಬಿಗಿದು ಮತ್ತೊಮ್ಮೆ ಬ್ಲೀಡ್ ಮಾಡಿ.